ಒಂಬತ್ತರ ಅಳತೆ

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಕೂರಿಸುವವಳು.
ಒಂಬತ್ತು–ಹತ್ತು ವರ್ಷ ಎಂಬ ಚೀಟಿಯ ಅಂಗಿ
ದಿನಕ್ಕೆ ಇನ್ನೂರು, ಯಾವ ದೇಶದ ಹೆಗಲಿಗೋ.
ಆ ಹೆಗಲಿನ ಅಗಲ ನನ್ನ ಬೆರಳಿಗೆ ಬಾಯಿಪಾಠ.
ಮನೆಯಲ್ಲಿರುವ ಒಂಬತ್ತಕ್ಕೆ
ಐದರ ಅಂಗಿಯೂ ಸಡಿಲ,
ಹೊಟ್ಟೆಯ ಹತ್ತಿರ ಮಾತ್ರ ಬಿಗಿ.

ಒಂದನೇ ಕ್ಲಾಸಿಗೆ ಸೇರಿಸುವಾಗ
ಬೆಳೆಯುವ ಮಗು ಅಂತ ಲಂಗದ ಅಂಚನ್ನು
ಮೂರಿಂಚು ಮಡಿಸಿ ಹೊಲಿದಿದ್ದೆ.
ಹೊರಗಿನ ನೀಲಿ ಮಾಸಿ ಬೂದಿಯಾಯಿತು.
ಮಡಿಕೆಯೊಳಗಿನ ನೀಲಿ ಇನ್ನೂ ಅಂಗಡಿಯದು.

ರಾತ್ರಿ ಹನ್ನೆರಡಕ್ಕೆ, ಮತ್ತೆ ನಾಲ್ಕಕ್ಕೆ
ಮೊಬೈಲು ಕೂಗುತ್ತದೆ.
ಕಾರ್ನ್‌ಫ್ಲೋರ್, ತಣ್ಣೀರು, ಸ್ಟೀಲಿನ ಲೋಟ.
ಬಿಸಿ ಮಾಡಬಾರದು, ಸಕ್ಕರೆ ಹಾಕಬಾರದು.
ಕಣ್ಣು ಬಿಡದೆಯೇ ಕುಡಿಯುತ್ತಾಳೆ ಇಂಪನ,
ಮೇಲ್ದುಟಿಯಲ್ಲಿ ಬಿಳಿ ಮೀಸೆ.
ಒಂದು ಸಲ ನಾನು ನಿದ್ದೆಹೋಗಿದ್ದೆ.
ಆ ಬೆಳಗಿನ ಬಗ್ಗೆ ಹೇಳುವುದಿಲ್ಲ.

ಬೆಳವಣಿಗೆಯ ಹಾರ್ಮೋನ್ ನೋಡಬೇಕು ಅಂದರು,
ಪರೀಕ್ಷೆಗೆ ಹಸಿದಿರಬೇಕು.
ಹಸಿವೇ ಅಲ್ಲವಾ ಡಾಕ್ಟ್ರೇ ಇವಳ ಕಾಯಿಲೆ?
ಗೊತ್ತಮ್ಮ, ಅದಕ್ಕೇ ಪಕ್ಕದಲ್ಲೇ ಇರ್ತೀವಿ.
ಫಾರಂ ತುಂಬುತ್ತ ಕೇಳಿದರು: ಸಂಬಂಧದಲ್ಲೇ ಮದುವೆಯಾ?
ಅಮ್ಮನ ತಮ್ಮ, ಅಂದೆ.
ಅಮ್ಮನ ತಮ್ಮ ಪಕ್ಕದಲ್ಲಿ ಚಪ್ಪಲಿ ನೋಡುತ್ತ ಕೂತಿದ್ದ.
ಅಂದು ಎಲ್ಲರೂ ಆಡಿದ್ದು ಒಂದೇ ಮಾತು,
ಆಸ್ತಿ ಹೊರಗೆ ಹೋಗಲ್ಲ, ಹುಡುಗಿಯೂ ಹೊರಗೆ ಹೋಗಲ್ಲ.
ಹೊರಗೆ ಹೋಗದೆ ಉಳಿದದ್ದು ಇದು.

ಬೆಳಗ್ಗೆ ಏಳೂವರೆ. ಅರ್ಧ ಮಾತ್ರೆ.
ಅರ್ಧ ಗಂಟೆಗೊಮ್ಮೆ ರಕ್ತ, ನಡುನಡುವೆ ಬೆರಳಿಗೆ ಸೂಜಿ.
ಲಿಸಮ್ಮ ಸಿಸ್ಟರ್ ಗಟ್ಟಿಯಾಗಿ ಓದಿದರು, ನನಗೆ ಕೇಳಲೆಂದು:
ಎಂಬತ್ತೆಂಟು.
ಎಪ್ಪತ್ತೊಂಬತ್ತು.
ಎಪ್ಪತ್ತೊಂದು.
ಮಾತ್ರೆಯ ಮಂಪರಿಗೆ ಮಲಗಿದ್ದಾಳೆ.
ಗೊಂಬೆ ಕೆನ್ನೆ, ಬೀದಿಯವರೆಲ್ಲ ಹಿಂಡುವ ಕೆನ್ನೆ.
ಅದೂ ಕಾಯಿಲೆಯದೇ ಗುರುತು ಅಂತ
ಮುದ್ದು ಮಾಡುವವರಿಗೆ ಹೇಗೆ ಹೇಳಲಿ?
ಅರವತ್ತೆರಡು.
ಸಾಕು, ಅಂದರು ಡಾಕ್ಟ್ರು.
ಕೊನೆಯ ಟ್ಯೂಬು ಖಾಲಿಯೇ ಉಳಿಯಿತು.
ನಾನಾಗಲೇ ಲೋಟದಲ್ಲಿ ಚಮಚ ಆಡಿಸುತ್ತಿದ್ದೆ.

ಹದಿನೈದು ದಿನಕ್ಕೆ ರಿಪೋರ್ಟು.
ಹಾರ್ಮೋನ್ ಇದೆಯಮ್ಮ, ಬೇಕಾದಷ್ಟಿದೆ.
ಲಿವರ್ ಅದರ ಮಾತು ಕೇಳುತ್ತಿಲ್ಲ.
ಇಂಜೆಕ್ಷನ್ ಬೇಡ. ಹಿಟ್ಟಿನ ಅಳತೆ ಬದಲಿಸೋಣ,
ಹೊತ್ತು ಮಾತ್ರ ತಪ್ಪಿಸಬೇಡಿ.
ನನಗೆ ಅರ್ಥವಾಯಿತು. ನಮ್ಮ ಲೈನಿನಲ್ಲೂ ಹಾಗೇ:
ಪೀಸು ಪೀಸು ಅಂತ ಸೂಪರ್‌ವೈಸರ್ ಗಂಟಲು ಹರಿದುಕೊಳ್ಳುತ್ತಾನೆ,
ಕಟಿಂಗಿನಿಂದ ಬಟ್ಟೆಯೇ ಬಂದಿರುವುದಿಲ್ಲ.

ವಾಪಸು ಬರುವಾಗ ಸಿಲ್ಕ್‌ಬೋರ್ಡಿನಲ್ಲಿ ಬಸ್ಸು ನಿಂತೇ ಇತ್ತು.
ಕಂಡಕ್ಟರು ನನಗೊಂದು ಫ್ರೀ ಟಿಕೆಟ್ಟು ಕೊಟ್ಟು ಮುಂದೆ ಹೋದ.
ಇಂಪನ ಅವನ ಅಂಗಿ ಹಿಡಿದೆಳೆದಳು:
"ನಂಗೂ ಒಂದು ಹರೀರಿ. ನಂಗೆ ಒಂಬತ್ತು."
ಅವನು ಇವಳನ್ನು ನೋಡಿದ, ನನ್ನನ್ನು ನೋಡಿದ.
ಹೌದು, ಅಂದೆ.
ಮೆಷಿನ್ನು ಕಿರ್ರೆಂದಿತು.

ಎರಡು ಗಂಟೆಗೆ ಇನ್ನು ಹತ್ತು ನಿಮಿಷ.
ಬ್ಯಾಗಿನಿಂದ ಲೋಟ ತೆಗೆದೆ.
ಒಂದೇ ಕೈಯಲ್ಲಿ ಹಿಡಿದು ಕುಡಿದಳು.
ಇನ್ನೊಂದರ ಮುಷ್ಟಿ ಬಿಚ್ಚಲೇ ಇಲ್ಲ.