ಆರು ತಿಂಗಳಿಗೊಮ್ಮೆ

ಉಪ್ಪಳದಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ.
ಹದಿನೆಂಟು ಮೆಟ್ಟಿಲು.
ಕೆನ್ನೆ ಹಿಡಿದುಕೊಂಡು ಬಂದವರು ಹನ್ನೆರಡನೆಯದರಲ್ಲಿ ನಿಂತು
ಒಮ್ಮೆ ಹಿಂದೆ ನೋಡುತ್ತಾರೆ.
ಅಲ್ಲಿಗೆ ಬರುವಾಗ ನೋವು ಕಮ್ಮಿಯಾಗುತ್ತದಂತೆ.
ಒಂಬತ್ತು ವರ್ಷದಿಂದ ಕೌಂಟರಿನಲ್ಲಿ ಕೂತು
ಆ ಒಂದು ಮೆಟ್ಟಿಲನ್ನು ಕಾಯುತ್ತಿದ್ದೇನೆ.

ಡಾಕ್ಟ್ರು ಪಯ್ಯನ್ನೂರಿನವರು, ನಿಮಿಷಾ.
ಬಂದ ಹೊಸತು. ಕುರ್ಚಿಯಲ್ಲಿ ಕೊರಪೊಳಕ್ಕ
"ಕೂಲಿ ಬೇನೆ" ಎಂದಾಗ ಅವರು ನನ್ನ ಮುಖ ನೋಡಿದರು:
ಇವರಿಗೆ ಯಾರು ಕೂಲಿ ಕೊಡಲಿಲ್ಲ?
ಹಲ್ಲು ಡಾಕ್ಟ್ರೇ, ತುಳುವಿನಲ್ಲಿ ಕೂಲಿ ಎಂದರೆ ಹಲ್ಲು.
ಮೂವರೂ ನಕ್ಕೆವು.
ಕೊರಪೊಳಕ್ಕನ ನಗುವಿನಲ್ಲಿ
ನಾಲ್ಕೇ ಕೂಲಿ ಬಾಕಿ ಇತ್ತು.

ಅಂದಿನಿಂದ ನಾನು ನೋವಿನ ದುಭಾಷಿ.
ಬೀಫಾತುಮ್ಮನಿಗೆ ಸೂಜಿ ಚುಚ್ಚಿದ ಹಾಗೆ,
ಫ್ಲೋಸಿ ಬಾಯಿಗೆ ಕಿವಿಯವರೆಗೆ ಎಳೆದ ಹಾಗೆ,
ಐಸ್ ಲಾರಿಯ ಐತ್ತನಿಗೆ ತಣ್ಣಗಿನದು ತಾಗಿದರೆ ಮಾತ್ರ.
ಒಬ್ಬೊಬ್ಬರದ್ದು ಒಂದೊಂದು ಮಾತು.
ದೀಪ ಬಗ್ಗಿಸಿದ ಮೇಲೆ ಎಲ್ಲರದ್ದೂ ಒಂದೇ ಅಕ್ಷರ,
ಆ.

ಕಾರ್ಡಿನ ಕೆಳಗೆ ಬರೆಯುತ್ತೇನೆ: ಆರು ತಿಂಗಳಿಗೆ ಬನ್ನಿ.
ಎಂತಕ್ಕೆ?
ಸುಮ್ಮನೆ, ನೋಡಲಿಕ್ಕೆ.
ನೋವಿಲ್ಲದೆ ಬರುವುದಾ!
ಮದುವೆ ಇಲ್ಲದ ಮನೆಗೆ ಊಟಕ್ಕೆ ಹೋದ ಹಾಗೆ!
ಆರು ತಿಂಗಳಾದ ಮೇಲೆ ಫೋನು ಮಾಡಿದರೆ
ಬಸ್ಸಿನಲ್ಲಿದ್ದೇನೆ ಎನ್ನುತ್ತಾರೆ.
ಹಿಂದಿನಿಂದ ಕೋಳಿ ಕೂಗುತ್ತದೆ.

ತಪ್ಪದೆ ಬರುವವರು ಒಬ್ಬರು ಮಾತ್ರ,
ವಾಚು ರಿಪೇರಿಯ ಅಂದುಂಞಿ.
ಎಪ್ಪತ್ತು ದಾಟಿದೆ. ಬೆಳಿಗ್ಗೆ ಉಪ್ಪು ಬೆರೆಸಿದ ಉಮಿಕರಿ,
ತೆಂಗಿನ ಗರಿಯ ಕಡ್ಡಿ ಸೀಳಿ ನಾಲಿಗೆಗೆ,
ರಾತ್ರಿ, ನಮ್ಮ ಡಾಕ್ಟ್ರ ಮರ್ಯಾದೆಗೆ, ಪೇಸ್ಟು.
ಉಮಿಕರಿ ಬಿಡಿ, ಹಲ್ಲು ಸವೆಯುತ್ತದೆ ಎಂದು
ಪ್ರತಿ ಸಲ ಬೈಸಿಕೊಳ್ಳುತ್ತಾರೆ. ಬಿಡುವುದಿಲ್ಲ.
ನೀವು ಯಾಕೆ ಬರುವುದು ಎಂದು ಒಮ್ಮೆ ಕೇಳಿದೆ.
"ನಿಂತ ಮೇಲೆ ವಾಚು ತರುತ್ತಾರೆ ಎಲ್ಲರೂ.
ನಡೆಯುವ ವಾಚು ತಂದವರ ಮುಖ
ಐವತ್ತು ವರ್ಷದಲ್ಲಿ ನಾನು ಕಂಡಿಲ್ಲ.
ಹೇಗಿರಬಹುದು ಆ ಮುಖ ಎಂದು
ನಾನೇ ಆಗಿ ನೋಡಿದೆ."

ಮೊನ್ನೆ ಮಧ್ಯಾಹ್ನ ಯಾರೂ ಇಲ್ಲ.
ಕೈ ತೊಳೆಯುತ್ತಾ ಡಾಕ್ಟ್ರು ಕೇಳಿದರು,
ವಾರಿಜ, ನಿನ್ನ ಕಾರ್ಡು ಎಲ್ಲಿ?
ನಾಲ್ಕು ಸಾವಿರ ಕಾರ್ಡು ಬರೆದ ಕೈ.
ಎರಡು ನಿಮಿಷ ಉಜ್ಜಿ, ಮೇಲಿಂದ ಕೆಳಗೆ, ಗಡಿಬಿಡಿ ಬೇಡ,
ಎಂದು ಊರಿಗೆಲ್ಲ ಹೇಳುವ ನಾನು
ಕಾವಲಿಯ ಮೇಲೆ ದೋಸೆ ಬೇಯುವಷ್ಟರಲ್ಲಿ ಉಜ್ಜಿ
ಏಳೂ ಇಪ್ಪತ್ತರ ಬಸ್ಸಿಗೆ ಓಡುವವಳು.
ಎರಡು ವರ್ಷದಿಂದ ಬಲಗಡೆಯಲ್ಲೇ ಅಗಿಯುತ್ತೇನೆ,
ಅದನ್ನು ನನಗೂ ಹೇಳಿರಲಿಲ್ಲ.

ಕೂತೆ. ಕುರ್ಚಿ ಹಿಂದಕ್ಕೆ ಬಾಗಿತು.
ದಿನಾ ಒರೆಸುವ ದೀಪ, ಕೆಳಗಿನಿಂದ ಬೇರೆಯೇ.
ಗಾಜಿನ ಒಳಗೆ ಒಂದು ಸತ್ತ ಹಾತೆ,
ಎಷ್ಟು ಮಂದಿ ಅದನ್ನೇ ನೋಡುತ್ತಾ ಹೆದರಿದ್ದಾರೋ!
ಕನ್ನಡಿ ಹಿಂದಿನ ಹಲ್ಲಿಗೆ ಹೋಯಿತು.
ನಾಲ್ಕು ಭಾಷೆಯ ನೋವು ನನ್ನ ಬಾಯಲ್ಲಿತ್ತು,
ಒಂದೂ ಹೊರಗೆ ಬರಲಿಲ್ಲ.
ಮಾಸ್ಕಿನ ಮೇಲೆ ಎರಡು ಕಣ್ಣು. ಅವರೇ ಕೇಳಿದರು,
ನನ್ನಿಂದಲೇ ಕಲಿತ ತುಳುವಿನಲ್ಲಿ,
"ಬೇನೆ ಉಂಡಾ?"

ಆ, ಎಂದೆ.

ಸಂಜೆ ಶಟರು ಎಳೆದು
ಹನ್ನೆರಡನೆಯ ಮೆಟ್ಟಿಲಿನಲ್ಲಿ ಸ್ವಲ್ಪ ಹೊತ್ತು ನಿಂತೆ.
ಎಡಗೆನ್ನೆ ಇನ್ನೂ ಬೇರೆ ಯಾರದೋ ಹಾಗಿತ್ತು.
ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ರಸ್ತೆ ದಾಟಿ
ಕೈಯ ವಾಚು ಬಿಚ್ಚಿ ಅಂದುಂಞಿಯವರ ಮೇಜಿನ ಮೇಲಿಟ್ಟೆ.
"ಎಂತ ಆಗಿದೆ ಇದಕ್ಕೆ?"
ಎಂತದ್ದೂ ಇಲ್ಲ, ಮರಗಟ್ಟಿದ ತುಟಿಯಲ್ಲಿ ಹೇಳಿದೆ,
ಸುಮ್ಮನೆ ನೋಡಿ.
ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು,
ವಾಚಿನ ಮುಚ್ಚಳ ಬಿಚ್ಚುವ ಮೊದಲು
ನನ್ನ ಮುಖವನ್ನು
ಬಹಳ ಹೊತ್ತು ನೋಡಿದರು.