ಪೆಟ್ಟಿಗೆಯ ಹೊಟ್ಟೆ

ಚೆಂಡು ಎಲ್ಲಿದೆ? ಎಂದು ಕೇಳಬೇಕು.
ಕೈಪಿಡಿಯಲ್ಲಿ ಇದ್ದಷ್ಟೇ, ಒಂದಕ್ಷರ ಹೆಚ್ಚಿಲ್ಲ,
ಹುಬ್ಬು ಕೂಡ ಏರಿಸಕೂಡದು.

ಎಲಾದಿಯೊ, ಆರು ವರ್ಷ ನಾಲ್ಕು ತಿಂಗಳು,
ಕಾಲು ನೆಲಕ್ಕೆ ಎಟುಕದ ಕುರ್ಚಿಯಲ್ಲಿ ಕೂತು
ಚಿತ್ರ ನೋಡಿದ, ನನ್ನ ಬೂಟು ನೋಡಿದ.
ಮೆಕ್ಸಿಕೊದ ವಹಾಕಾದಿಂದ ಬಂದವನು,
ಆದ್ದರಿಂದ ಸ್ಪ್ಯಾನಿಷ್ ದುಭಾಷಿ: ಆಫೀಸಿನ ಲೆಕ್ಕ ಅಷ್ಟು ಸಲೀಸು.
ಮನೆಯಲ್ಲಿ ಆಡುವುದು ಮಿಸ್ತೆಕ್ ಎಂಬುದಕ್ಕೆ
ನಮೂನೆಯಲ್ಲಿ ಚೌಕವೇ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಹೇಳಿದ,
ಕಡ ತಂದ ಸ್ಪ್ಯಾನಿಷಿನಲ್ಲಿ:
"ಪೆಟ್ಟಿಗೆಯ ಹೊಟ್ಟೆ."
ದುಭಾಷಿ ನಕ್ಕಳು. ನಾನು ನಗಲಿಲ್ಲ, ನಿಯಮ.
ಸೊನ್ನೆ.
ಬೆಕ್ಕು ಎಲ್ಲಿದೆ?
"ಮನೆಯ ತಲೆ."
ಸೊನ್ನೆ.
ಬಟ್ಟಲು?
"ಮೇಜಿನ ಮುಖ," ಎಂದವನು ನನ್ನ ಮುಖ ನೋಡಿ
ಆಮೇಲೆ ಬಾಯಿ ಬಿಡಲಿಲ್ಲ.
ಬಾಯಿ ಬಿಡದ್ದಕ್ಕೂ ಸೊನ್ನೆಯೇ, ಹದಿನಾಲ್ಕು ಸಲ.
ಕಂಪ್ಯೂಟರು ಕೂಡಿಸಿ ಐವತ್ತೆಂಟು ಎಂದಿತು.
"ಅರ್ಥವಿಲ್ಲದ ಉತ್ತರಗಳು" ಎಂದು ಬರೆದೆ.
ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ.

ಸಹಿಗೆ ಬಂದವಳು ಸೋದರತ್ತೆ ಎರ್ಮೆಲಿಂದಾ,
ಸ್ಟ್ರಾಬೆರಿ ಹೊಲದಿಂದ ನೇರ, ಊಟದ ಬಿಡುವಿನಲ್ಲಿ;
ಉಗುರ ಸಂದಿಯಲ್ಲಿ ಇನ್ನೂ ಕೆಂಪು.
ಹಾಳೆ ಅತ್ತಿತ್ತ ತಿರುವಿ ಕೇಳಿದಳು,
"ಎಲ್ಲಿ ಹಾಕಲಿ? ಕಾಗದದ ಪಾದಕ್ಕಾ?"

ಹದಿನೈದು ಸೆಕೆಂಡು ದಾಟಿದರೆ ಉತ್ತರ ಲೆಕ್ಕಕ್ಕಿಲ್ಲ.
ನನಗೆ ಅದಕ್ಕಿಂತ ಹೆಚ್ಚೇ ಹಿಡಿಯಿತು.
"ನಿಮ್ಮಲ್ಲಿ 'ಒಳಗೆ' ಅನ್ನೋದಕ್ಕೆ ಏನಂತೀರಿ?"
ಅವಳು ತನ್ನ ಹೊಟ್ಟೆ ಮುಟ್ಟಿಕೊಂಡಳು,
ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಅದೇ ಪರೀಕ್ಷೆಯನ್ನು ವರ್ಷ ತುಂಬುವ ತನಕ
ಮತ್ತೆ ಕೊಡುವಂತಿಲ್ಲ. ಅದೂ ನಿಯಮ.
ಫೋನು ಮಾಡಿದೆ, ಪತ್ರ ಬರೆದೆ, ಮೇಲಿನವರ ಬಾಗಿಲು ತಟ್ಟಿದೆ.
ಮಿಸ್ತೆಕ್ ಬಲ್ಲವರೊಬ್ಬರು ಫ್ರೆಸ್ನೊದಲ್ಲಿದ್ದಾರಂತೆ,
ಗುರುವಾರ ಮಾತ್ರ ಸಿಗುತ್ತಾರೆ, ಕೋರ್ಟಿನ ಕೆಲಸ ಮುಗಿದರೆ.
ಅಷ್ಟರಲ್ಲಿ ಹುಡುಗನನ್ನು
ಒಂಬತ್ತನೇ ಕೋಣೆಗೆ ಕಳಿಸಿಯಾಗಿತ್ತು.

ಒಂಬತ್ತನೇ ಕೋಣೆ ಎಲ್ಲಿದೆ?
ಶಾಲೆಯ ಬೆನ್ನಿಗೆ, ಕಸದ ಡಬ್ಬಗಳಾಚೆ.
ವರದಿಯಲ್ಲಿ ಹಾಗೆಂದೇ ಬರೆದಿದ್ದೇನೆ.
ಶಾಲೆಗೆ ಬೆನ್ನೆಲ್ಲಿಂದ ಬಂತೆಂದು
ಯಾರೂ ಕೇಳಲಿಲ್ಲ.

ನಿನ್ನೆ ಅಲ್ಲಿ ಹಾದುಹೋಗುವಾಗ ಕಂಡೆ:
ಎಳೆಮಕ್ಕಳ ದಪ್ಪ ಮಣಿ ಪೋಣಿಸುತ್ತಿದ್ದ,
ಮುಗಿಸಿ, ಬಿಚ್ಚಿ, ಮತ್ತೆ ಪೋಣಿಸುತ್ತ
ತನ್ನಷ್ಟಕ್ಕೆ ಏನೇನೋ ಹೇಳಿಕೊಳ್ಳುತ್ತಿದ್ದ,
ದನಿ ಏರಿ ಇಳಿದು, ತಡೆಯಿಲ್ಲದೆ, ಉದ್ದಕ್ಕೆ.
ಬಾಗಿಲಲ್ಲಿ ನನ್ನ ಬೂಟು ಕಂಡು
ಸುಮ್ಮನಾದ.