ಉಪ್ಪು ತಿಂದ ಗೋಡೆ

(ಮಸ್ಸಾವಾ, ಕೆಂಪು ಸಮುದ್ರದ ದಡ)

ಟೇಪಿನ ಆ ತುದಿ ಹಿಡಿದವನು ಕಾವಲುಗಾರ ಇದ್ರಿಸ್ ಶೆಕಾಯ್;
ಈ ತುದಿಯಲ್ಲಿ ನಾನು, ಪೆನ್ಸಿಲ್ಲು ಕಚ್ಚಿಕೊಂಡು.
ಗೋಡೆಯ ದಪ್ಪ ಅರವತ್ತೆಂಟು ಸೆಂಟಿಮೀಟರ್.
"ಒಂದು ಮೊಳ, ಮೇಲೊಂದು ಗೇಣು," ಅಂದ,
"ನಮ್ಮಜ್ಜನ ಕೈಯಲ್ಲಿ ಅಳೆದರೆ."

ಕಲ್ಲಲ್ಲ ಇದು, ಹವಳ.
ನೀರೊಳಗೆ ಇನ್ನೂ ಮಿದುವಾಗಿದ್ದಾಗಲೇ ಕಡಿದು
ದಂಡೆಯಲ್ಲಿ ತಿಂಗಳುಗಟ್ಟಲೆ ಒಣಹಾಕಿ
ಸುಣ್ಣದಲ್ಲಿ ಕೂಡಿಸಿದ್ದು. ಸುಣ್ಣವೂ ಹವಳವೇ, ಸುಟ್ಟದ್ದು.
ನಡುನಡುವೆ ಮರದ ಅಡ್ಡಪಟ್ಟಿ,
ನೆಲ ನಡುಗಿದರೆ ಗೋಡೆಯೂ ಕೊಂಚ ನಡುಗಿ ಸುಮ್ಮನಾಗಲೆಂದು.
ಇಪ್ಪತ್ತೊಂದರ ಭೂಕಂಪದಲ್ಲಿ ಪಕ್ಕದ ಸಾಲೇ ಮಲಗಿತಂತೆ;
ಇದು ಒಂದು ಬಾಲ್ಕನಿ ಕೊಟ್ಟು ಉಳಿದುಕೊಂಡಿತು.

ಕಟ್ಟಿಸಿದವನು ಹದ್ರಮೌತಿನಿಂದ ಬಂದ ಸಾಲಿಮ್ ಬಾಕರ್ಮಾನ್,
ಮುತ್ತಿನ ವ್ಯಾಪಾರಿ.
ಕೆಳಗೆ ಮಳಿಗೆ: ಚಿಪ್ಪಿನ ಮೂಟೆ, ತೊಗಲು, ಗೋಂದು.
ಮೇಲೆ ಲೆಕ್ಕದ ಗದ್ದಿಗೆ. ಅದರ ಮೇಲೆ
ಜಾಲಂಧ್ರದ ಹಿಂದೆ ಹೆಂಗಸರು,
ಗಾಳಿ ಬಂದರೆ ಮೊದಲು ಅವರಿಗೇ.
ಕೋಣೆಗಳಿಗೆಲ್ಲ ಕಡಲ ಕಡೆ ಕಿಟಕಿ,
ಒಂದಕ್ಕೆ ಮಾತ್ರ ಉತ್ತರಕ್ಕೆ.
ಏಕೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು:
ಬಿಸಿಲಿನಲ್ಲಿ ಎಲ್ಲ ಮುತ್ತೂ ಚೆಲುವೆಯೇ,
ಉತ್ತರದ ತಣ್ಣನೆ ಬೆಳಕಿಗಷ್ಟೇ ಹುಳುಕು ಬಾಯಿಬಿಡುತ್ತದೆ.
ಕಪ್ಪು ಬಟ್ಟೆ ಹಾಸುತ್ತಿದ್ದ ಹಲಗೆಯ ಮೇಲೆ
ಮೊಣಕೈ ಊರಿ ಊರಿ ಎರಡು ಗುಳಿ.
ನನ್ನವನ್ನು ಇಟ್ಟು ನೋಡಿದೆ. ಸರಿಯಾಗಿ ಕೂತವು.
ಬೇಗ ತೆಗೆದೆ.

ಯುದ್ಧದ ಗುಂಡು ಹೊಕ್ಕ ತೂತುಗಳಲ್ಲಿ ಈಗ ಪಾರಿವಾಳ.
ಯಾರೋ ಒಳ್ಳೆಯ ಮನಸ್ಸಿನಿಂದ ಮೆತ್ತಿದ ಸಿಮೆಂಟು
ಹಪ್ಪಳದಂತೆ ಉಬ್ಬಿ ಎದ್ದಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಈ ಗೋಡೆ ಹುಟ್ಟುವ ಮೊದಲೇ ಉಪ್ಪು ತಿಂದದ್ದು.
ರಾತ್ರಿಯಿಡೀ ಕಡಲ ಗಾಳಿ ಹೀರುತ್ತದೆ, ಹಗಲು ಬೆವರುತ್ತದೆ,
ಬಾಯಿ ಮುಚ್ಚಿದರೆ ಮೈ ಒಡೆಯುತ್ತದೆ.

ನಿನ್ನೆ, ಮೆಟ್ಟಿಲ ಕೆಳಗೆ ಗಾರೆ ಉದುರಿದಲ್ಲಿ
ಗೀಟುಗಳು ಕಂಡವು. ನಾಲ್ಕು ನಿಂತದ್ದು, ಒಂದು ಅಡ್ಡ.
ನಾಲ್ಕು ನಿಂತದ್ದು, ಒಂದು ಅಡ್ಡ.
ನನ್ನ ಭುಜದೆತ್ತರದಿಂದ ನೆಲದವರೆಗೂ.
"ಮುತ್ತಿನ ಲೆಕ್ಕವೇ?" ಅಂದೆ.
ಇದ್ರಿಸ್ ಟೇಪು ಕೆಳಗಿಟ್ಟ.
"ಕಲ್ಲಿನದು. ಬೇಸಿಗೆಯಲ್ಲಿ ಮುತ್ತಿಗೆ ಮುಳುಗಿದವರೇ
ಚಳಿಯಲ್ಲಿ ಇದಕ್ಕೂ ಮುಳುಗಿದ್ದು.
ಮುಂಗಡ ತೀರಬೇಕಲ್ಲ.
ಇನ್ನೂರು ಕಲ್ಲಿಗೆ ಒಂದು ರಿಯಾಲ್
ಪುಸ್ತಕದಲ್ಲಿ ಹೊಡೆದುಹಾಕುತ್ತಿದ್ದರು."
ಪುಸ್ತಕ ಎಲ್ಲಿದೆ ಎಂದು ಕೇಳಿದೆ.
ಅವನು ಗೋಡೆಯನ್ನೇ ನೋಡಿದ.

ಕೊನೆಯ ಸಾಲಿನಲ್ಲಿ ಮೂರೇ ಗೀಟು.
ಆಮೇಲೆ ಬರಿ ಹವಳ.
ಸಾಲ ತೀರಿತೋ, ಉಸಿರು ತೀರಿತೋ,
ಗೀಟು ಹೇಳುವುದಿಲ್ಲ; ಇದ್ರಿಸನೂ ಹೇಳಲಿಲ್ಲ.

ನಕ್ಷೆಯಲ್ಲಿ ಬಾಗಿಲಿಗೆ, ಕಿಟಕಿಗೆ, ತೊಲೆಗೆ
ಒಂದೊಂದು ಗುರುತು ಉಂಟು. ಇದಕ್ಕಿಲ್ಲ.
ಮೆಟ್ಟಿಲ ಕೆಳಗೆ, ಅಳತೆಗೆ ತಕ್ಕಷ್ಟೇ,
ಮೂರು ಸಣ್ಣ ಗೆರೆ ಎಳೆದೆ.
ಕಚೇರಿಯವರು ಬೇಕಾದರೆ
ಇನ್ನೂ ಮೂರು ಮೆಟ್ಟಿಲು ಅಂದುಕೊಳ್ಳಲಿ,
ಕೆಳಕ್ಕೆ ಇಳಿಯುವವು.